ಜೋಡಿ ಲೆಕ್ಕ

"ಯಾರ್ರೀ ಅದು! ನನ್ನ ಕಾಗದ ಮುಟ್ಟಿದ್ದು ಯಾರು?"

ಸೊಣ್ಣಮ್ಮ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಪೆನ್ಸಿಲ್ ಜಾರಿ ನೆಲಕ್ಕೆ ಬಿತ್ತು.

ಬಾಗಿಲಲ್ಲಿ ನಿಂತಿದ್ದವನು ಚನ್ನಕೇಶವ. ಮೂವತ್ತರ ಆಸುಪಾಸಿನ ವಯಸ್ಸು, ಕೆದರಿದ ಕೂದಲು, ಕನ್ನಡಕದ ಹಿಂದೆ ಕೆಂಡದಂಥ ಕಣ್ಣು. ಇವರೇ ಇರಬೇಕು ನನ್ನ ಸಾಹೇಬರು... ಮೊದಲನೇ ದಿನವೇ ಬೈಸಿಕೊಂಡೆನಲ್ಲಪ್ಪಾ ಎಂದುಕೊಂಡಳು.

"ನೀವು ಬರೋ ತನಕ ಕೂತಿರು ಅಂದ್ರು ಸಾರ್. ಸುಮ್ನೆ ಕೂರಕ್ಕೆ ಬೇಜಾರಾಯ್ತು, ಇದನ್ನ ನೋಡ್ದೆ. ಮೂರನೇ ಸಾಲು ತಪ್ಪಿದೆ."

"ಏನಂದ್ರಿ?"

"ಮೂರನೇ ಸಾಲು ಸಾರ್. ಕಳೀಬೇಕಾದ ಕಡೆ ಕೂಡಿದೀರಿ."

ಅಬ್ಬಾ, ಧೈರ್ಯವೇ! ಇಂಟರ್‌ಮೀಡಿಯಟ್ ಮುಗಿಸಿದ ಹತ್ತೊಂಬತ್ತರ ಹುಡುಗಿ, ಹೆಬ್ಬಾಳದ ಕೃಷಿ ಫಾರಂನ ಮೇಸ್ತ್ರಿ ಚಿಕ್ಕಹನುಮಯ್ಯನ ಮಗಳು, ಇಂಗ್ಲೆಂಡಿನಲ್ಲಿ ಡಾಕ್ಟರೇಟ್ ಮಾಡಿ ಬಂದವನಿಗೆ ಹೇಳುವ ಮಾತೇ ಇದು! ಚನ್ನಕೇಶವ ಕಾಗದ ಕಿತ್ತುಕೊಂಡ. ನಿಂತಲ್ಲೇ ಲೆಕ್ಕ ಹಾಕಿದ. ಇನ್ನೊಮ್ಮೆ ಹಾಕಿದ. ಅವನ ಕಿವಿ ಕೆಂಪಾಯಿತು.

"ಹೆಸರೇನು?"

"ಸೊಣ್ಣಮ್ಮ."

"ಸೊನ್ನೆ ಅಮ್ಮ?"

"ಸೊನ್ನೆ ಅಲ್ಲ ಸಾರ್, ಸೊಣ್ಣಮ್ಮ! ನಮ್ಮಜ್ಜಿ ಹೆಸರು."

ಅವನು ನಕ್ಕುಬಿಟ್ಟ. ಆ ನಗು ನೋಡಿದ ಗಳಿಗೆಯಲ್ಲೇ ಈ ಹುಡುಗಿ ಕೆಟ್ಟಳು ಎಂದು ಕತೆ ಹೇಳುವ ನನಗೆ ಗೊತ್ತಾಯಿತು. ಅವಳಿಗೆ ಗೊತ್ತಾಗಲು ಇನ್ನೂ ಒಂದು ವರ್ಷ ಬೇಕಾಯಿತು.

ಅದು 1957ರ ಜೂನ್ ತಿಂಗಳು. ಯಶವಂತಪುರದ ಆಚೆಗೆ, ಗಿರಣಿ ಮಾಲೀಕರೊಬ್ಬರ ದಾನದಿಂದ ಎದ್ದಿದ್ದ ಶಾರದಾ ಸಂಶೋಧನಾ ಮಂದಿರ. ಅಲ್ಲಿನ ರಸಾಯನ ವಿಭಾಗದಲ್ಲಿ ಎಲ್ಲರ ಕೋಣೆಯಲ್ಲೂ ಸೀಸೆ, ಕೊಳವೆ, ಉರಿ, ಹೊಗೆ. ಚನ್ನಕೇಶವನ ಕೋಣೆಯಲ್ಲಿ ಮಾತ್ರ ಬರೀ ಕಾಗದ. ಅವನದು ಸೈದ್ಧಾಂತಿಕ ರಸಾಯನಶಾಸ್ತ್ರ. ಎರಡು ಅಣುಗಳು ಒಂದನ್ನೊಂದು ಎಷ್ಟು ಬಲವಾಗಿ ಹಿಡಿದುಕೊಳ್ಳುತ್ತವೆ ಎಂಬುದನ್ನು ಪ್ರಯೋಗವನ್ನೇ ಮಾಡದೆ ಲೆಕ್ಕದಿಂದಲೇ ಹೇಳಿಬಿಡಬೇಕು ಎನ್ನುವುದು ಅವನ ಹಟ. ಅದಕ್ಕೊಂದು ಹೊಸ ರೀತಿಯನ್ನೂ ಕಂಡುಹಿಡಿದಿದ್ದ. ಜೊತೆಯವರು "ಸೀಸೆ ಇಲ್ಲದ ಕೆಮಿಸ್ಟು" ಎಂದು ಆಡಿಕೊಳ್ಳುತ್ತಿದ್ದರು.

ಆ ರೀತಿಯಲ್ಲಿ ಒಂದು ಉತ್ತರ ಬರಬೇಕಾದರೆ ಸಾವಿರಾರು ಗುಣಾಕಾರ! ಅದಕ್ಕೆಂದೇ ಒಂದು ಕಬ್ಬಿಣದ ಲೆಕ್ಕದ ಯಂತ್ರ, ಅದಕ್ಕೊಂದು ಹಿಡಿ. ದಿನವಿಡೀ ಹಿಡಿ ತಿರುಗಿಸುವುದೇ ಸೊಣ್ಣಮ್ಮನ ಕೆಲಸ.

"ಅಲ್ಲಿ ಏನ್ ಮಾಡ್ತೀಯವ್ವಾ?" ಎಂದು ಅಪ್ಪ ಕೇಳಿದರೆ, "ಅಂಕಿ ಬೀಸ್ತೀನಪ್ಪಾ, ರಾಗಿ ಬೀಸ್ದಂಗೆ" ಎನ್ನುತ್ತಿದ್ದಳು.

ಚನ್ನಕೇಶವನದು ಒಂದೇ ಕಟ್ಟುನಿಟ್ಟು. ಯಾವ ಅಂಕಿಯನ್ನೂ ಒಬ್ಬರೇ ಲೆಕ್ಕ ಹಾಕುವಂತಿಲ್ಲ. ಅವಳೊಂದು ಸಲ, ಅವನೊಂದು ಸಲ, ಒಬ್ಬರದನ್ನು ಒಬ್ಬರು ನೋಡದೆ. ಆಮೇಲೆ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಎರಡೂ ಒಂದೇ ಆದರೆ ಮಾತ್ರ ಅಂಕಿ ದೊಡ್ಡ ಪುಸ್ತಕಕ್ಕೆ ಏರಬೇಕು. ಜೋಡಿ ಲೆಕ್ಕ ಎಂದು ಅದಕ್ಕೆ ಹೆಸರಿಟ್ಟವಳು ಸೊಣ್ಣಮ್ಮನೇ.

"ಕೂಡ್ತಾ?" ಎಂದು ಅವನು ಕೇಳುವನು.

"ಕೂಡ್ತು ಸಾರ್!"

ಆ ಎರಡು ಮಾತಿಗಾಗಿ ಅವಳು ದಿನಾ ಹೆಬ್ಬಾಳದಿಂದ ಮತ್ತೀಕೆರೆ ದಾಟಿ ನಡೆದು ಬರುತ್ತಿದ್ದಳು ಎಂದರೆ ನಂಬುತ್ತೀರಾ? ನಂಬಬೇಕು.

ಅವನು ಮದರಾಸಿನಲ್ಲಿ ಬೆಳೆದವನು. ಅಪ್ಪ ರೈಲ್ವೆಯಲ್ಲಿದ್ದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು. ಕನ್ನಡ ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಬಸ್ಸಿನ ಬೋರ್ಡು ಓದಲೂ ಯಾರನ್ನಾದರೂ ಕೇಳಬೇಕಿತ್ತು.

"ನಾಚಿಕೆ ಆಗಲ್ವಾ ಸಾರ್?" ಎಂದು ಅವಳು ಒಂದು ದಿನ ರೇಗಿಸಿದಳು.

"ಆಗತ್ತೆ. ನೀವು ಕಲಿಸ್ತೀರಾ?"

"ಲೆಕ್ಕ ಮುಗೀಲಿ, ಕಲಿಸ್ತೀನಿ."

"ಲೆಕ್ಕ ಮುಗಿದ ಮೇಲೆ ನಿಮ್ಮ ಹತ್ರ ಇನ್ನೊಂದು ವಿಷಯಾನೂ ಕೇಳೋದಿದೆ ಸೊಣ್ಣಮ್ಮನವರೇ..."

ಅವಳು ತಲೆ ತಗ್ಗಿಸಿ ಯಂತ್ರದ ಹಿಡಿ ತಿರುಗಿಸಿದಳು. ಎಷ್ಟು ಸಲ ತಿರುಗಿಸಿದೆ ಎಂಬ ಎಣಿಕೆಯೇ ತಪ್ಪಿತು. ಮತ್ತೆ ಮೊದಲಿನಿಂದ ಶುರು ಮಾಡಿದಳು.

ಒಂದೂವರೆ ವರ್ಷದ ಕೆಲಸ ಕೊನೆಯ ಒಂದು ಅಂಕಿಗೆ ಬಂದು ನಿಂತಿತು. 1959ರ ಜನವರಿ, ಶನಿವಾರ. ಅಂದು ಸಂಜೆಯ ವಿಮಾನದ ಟಪಾಲಿಗೆ ಪ್ರಬಂಧ ಹೋಗಲೇಬೇಕು. ಇಂಗ್ಲೆಂಡಿನ ಜರ್ನಲ್‌ನವರು ಕಾಯುತ್ತಿದ್ದರು. ಇದೇ ವಿಷಯದ ಮೇಲೆ ಬೇರೆ ದೇಶದವರೂ ಹೊಂಚು ಹಾಕಿ ಕೂತಿದ್ದರು. ಚನ್ನಕೇಶವ ಪ್ರಬಂಧದ ಚಿತ್ರಗಳನ್ನು ತರಲು ಪೇಟೆಗೆ ಹೋಗಿದ್ದ. ಸೊಣ್ಣಮ್ಮ ಒಬ್ಬಳೇ ಕೊನೆಯ ಲೆಕ್ಕ ಮುಗಿಸಿ ಚೀಟಿಯಲ್ಲಿ ಅಂಕಿ ಬರೆಯುತ್ತಿದ್ದಳು.

ಆಗ ಹೊರಗೆ ಜಟಕಾ ನಿಂತ ಸದ್ದಾಯಿತು. ಹೆಬ್ಬಾಳದ ಹಬೀಬುಲ್ಲಾ ಒಳಗೆ ಓಡಿ ಬಂದ.

"ಅವ್ವಾ, ಬೇಗ ಬಾ... ಬಾಗಲೂರಿಂದ ಸುದ್ದಿ ಬಂದೈತೆ. ನಿಮ್ಮಕ್ಕಂಗೆ ಎರಿಗೆ ಕಷ್ಟ ಆಗೈತಂತೆ!"

ಅವಳು ಗಾಬರಿಯಿಂದ ಎದ್ದು ನಿಂತಳು. ಅಂಕಿ ಬರೆದು ಮುಗಿಸಿ, ಚೀಟಿಯನ್ನು ಪುಸ್ತಕದ ಕೆಳಗೆ ಸಿಕ್ಕಿಸಿ ಓಡಿದಳು.

ಅವಳು ಬಾಗಲೂರು ಮುಟ್ಟುವಷ್ಟರಲ್ಲಿ ಅಕ್ಕ ಮುನಿಗಂಗಮ್ಮ ಹೋಗಿಬಿಟ್ಟಿದ್ದಳು. ಪಕ್ಕದಲ್ಲಿ ಒಂದು ಹೆಣ್ಣು ಕೂಸು ಅಳುತ್ತಿತ್ತು.

ಇತ್ತ ಚನ್ನಕೇಶವ ನಾಲ್ಕು ಗಂಟೆಗೆ ಬಂದ. ಟಪಾಲು ಐದಕ್ಕೆ. ತನ್ನ ಪಾಲಿನ ಲೆಕ್ಕ ಹಾಕಲು ಎರಡು ಗಂಟೆಯಾದರೂ ಬೇಕು. ಚೀಟಿಯನ್ನು ಕೈಗೆತ್ತಿಕೊಂಡ. 'ಸೊಣ್ಣಮ್ಮನವರ ಲೆಕ್ಕ ತಪ್ಪೋದುಂಟೇ?' ಅಂದುಕೊಂಡ. ಒಂದೂವರೆ ವರ್ಷದಲ್ಲಿ ಮೊದಲ ಸಲ ಜೋಡಿ ಇಲ್ಲದ ಅಂಕಿಯೊಂದು ಪುಸ್ತಕಕ್ಕೆ ಏರಿತು.

ಅಯ್ಯೋ, ಆ ಒಂದು ನಂಬಿಕೆ!

ಪ್ರಬಂಧ ಅಚ್ಚಾಯಿತು. ಹಾರ ತಂದರು, ಕಾಫಿ ಕುಡಿದರು. ಐದೇ ತಿಂಗಳು. ಜರ್ಮನಿಯ ಇಬ್ಬರು ವಿಜ್ಞಾನಿಗಳು ಅದೇ ಜರ್ನಲ್‌ಗೆ ಬರೆದರು. ಚನ್ನಕೇಶವ ಹೇಳುವ ಕೊನೆಯ ಅಂಕಿ ಪ್ರಯೋಗಕ್ಕೆ ಹತ್ತಿರವೂ ಇಲ್ಲ, ಆದ್ದರಿಂದ ಈ ರೀತಿಯನ್ನೇ ನಂಬುವಂತಿಲ್ಲ ಎಂದು. ಎರಡು ಪುಟದ ಆ ಬರಹ ಅವನನ್ನು ಮುಗಿಸಿಬಿಟ್ಟಿತು. ಮಂದಿರದವರು ವಿಚಾರಣೆ ಎಂದರು. ಲೆಕ್ಕ ಹಾಕಿದ್ದು ಯಾರು ಎಂಬ ಪ್ರಶ್ನೆ ಎದ್ದಿತು.

ಒಂದು ಬೆಳಗ್ಗೆ ಟೈಪಿಸ್ಟ್ ಗಯಾಸ್ ಸಾಹೇಬರು ಸೊಣ್ಣಮ್ಮನ ಕೈಗೆ ಒಂದು ಲಕೋಟೆ ಇಟ್ಟರು. ಅವರ ಮುಖ ಬಾಡಿತ್ತು.

'ಈ ತಿಂಗಳಿನಿಂದ ನಿಮ್ಮ ಸೇವೆ ಬೇಕಾಗಿಲ್ಲ. ನಿಮ್ಮ ಕೆಲಸದಲ್ಲಿ ಯಾವ ದೋಷವೂ ಇರಲಿಲ್ಲ.' ಕೆಳಗೆ ಚನ್ನಕೇಶವನ ರುಜು.

ಅವಳು ಅವನ ಕೋಣೆಗೆ ಓಡಿದಳು.

"ಸಾರ್... ನನ್ನ ಲೆಕ್ಕಾನೇ ತಪ್ಪಾಗಿತ್ತಾ?"

ಅವನು ತಲೆ ಎತ್ತಲಿಲ್ಲ.

"ಹೇಳಿ ಸಾರ್! ತಪ್ಪು ನಂದಾ?"

"ಹೋಗಿ ಸೊಣ್ಣಮ್ಮನವರೇ. ಇನ್ನು ಇಲ್ಲಿಗೆ ಬರ್ಬೇಡಿ."

ವಿಚಾರಣೆಯಲ್ಲಿ ಅವಳ ಹೆಸರು ಬರಬಾರದು, ಅದಕ್ಕೆ ಮುಂಚೆಯೇ ಅವಳು ಒಳ್ಳೆಯ ಸರ್ಟಿಫಿಕೇಟಿನೊಂದಿಗೆ ಹೊರಗೆ ಹೋಗಿಬಿಡಬೇಕು. ಇದು ಅವನ ಯೋಚನೆ. ಸರಿಯಪ್ಪಾ, ಅದನ್ನು ಬಾಯಿಬಿಟ್ಟು ಹೇಳಲು ಏನಾಗಿತ್ತು ಧಾಡಿ? ದೊಡ್ಡ ಓದು ಓದಿದವರಿಗೆ ಇಷ್ಟು ಸಣ್ಣ ಮಾತು ಆಡಲು ಬರುವುದಿಲ್ಲ ನೋಡಿ, ನನಗೆ ಸಿಟ್ಟು ಬರುವುದೇ ಅಲ್ಲಿ!

ಅವಳು ಬೇರೆಯೇ ತಿಳಿದುಕೊಂಡಳು. 'ಹೌದು, ತಪ್ಪು ನಂದೇ. ನನ್ನ ಮುಖ ನೋಡಕ್ಕೂ ಅವ್ರಿಗೆ ಇಷ್ಟ ಇಲ್ಲ...' ಮತ್ತೀಕೆರೆಯ ದಾರಿಯುದ್ದಕ್ಕೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಮನೆಯಲ್ಲಿ ಅವ್ವ ಮಾರಮ್ಮ ಅದಕ್ಕೇ ಕಾದಿದ್ದಳು. ಅಕ್ಕ ಹೋದಾಗಿನಿಂದ ನೆಂಟರೆಲ್ಲರ ಬಾಯಲ್ಲೂ ಒಂದೇ ಮಾತು. ಬಾವ ಮುನಿವೆಂಕಟಯ್ಯನನ್ನು ಸೊಣ್ಣಮ್ಮ ಮದುವೆಯಾಗಬೇಕು, ಕೂಸನ್ನು ಸಾಕಬೇಕು.

"ಕೆಲ್ಸ ಐತೆ, ಕೆಲ್ಸ ಐತೆ ಅಂತಿದ್ದೆ. ಈಗ ಅದೂ ಓಯ್ತು. ಆ ಕೂಸು ಇನ್ಯಾರ ಮಡ್ಲಲ್ಲಿ ಬೆಳೀಬೇಕು, ನೀನೇ ಏಳು!"

ಸೊಣ್ಣಮ್ಮ ಒಪ್ಪಿ ತಲೆಯಾಡಿಸಿದಳು. ನವೆಂಬರಿನಲ್ಲಿ ಮದುವೆ ನಡೆದುಹೋಯಿತು.

ಮುನಿವೆಂಕಟಯ್ಯ ಒಳ್ಳೆಯವನು. ದ್ರಾಕ್ಷಿ ತೋಟ, ಒಂದು ಜೊತೆ ಎತ್ತು, ಹೆಚ್ಚು ಮಾತಿಲ್ಲ. ಕೂಸಿಗೆ ಗೌರಿ ಎಂದು ಹೆಸರಿಟ್ಟರು. ಅದು ಸೊಣ್ಣಮ್ಮನನ್ನೇ ಅವ್ವಾ ಎಂದಿತು. ಎಂಟು ವರ್ಷ ಕಳೆಯಿತು. ಚನ್ನಕೇಶವ ಕೆಲಸ ಬಿಟ್ಟನಂತೆ ಎಂದು ಮಾತ್ರ ಅವಳ ಕಿವಿಗೆ ಬಿದ್ದಿತ್ತು. ದ್ರಾಕ್ಷಿ ಗೊಂಚಲು ಕತ್ತರಿಸುವಾಗ, ಮಗಳಿಗೆ ಜಡೆ ಹಾಕುವಾಗ, ಒಮ್ಮೊಮ್ಮೆ ಕೈ ಅಲ್ಲಿಗೇ ನಿಂತುಬಿಡುತ್ತಿತ್ತು. 'ನನ್ನ ಒಂದು ಅಂಕಿಯಿಂದ ಅವ್ರ ಬದುಕೇ ಹಾಳಾಯ್ತು...'

1968ರ ಮಾರ್ಚ್. ಯಲಹಂಕದ ಸಂತೆಯಲ್ಲಿ ಯಾರೋ ಕೂಗಿದರು.

"ಅರೇ, ಸೊಣ್ಣಮ್ಮ ಅಲ್ವಾ? ಏನ್ ಬೇಟೀ, ಗುರುತು ಸಿಗ್ಲಿಲ್ವಾ?"

ಗಯಾಸ್ ಸಾಹೇಬರು! ಗಡ್ಡ ಬೆಳ್ಳಗಾಗಿತ್ತು. ಅವರು ಅವಳನ್ನು ಹುಣಸೆಮರದ ನೆರಳಿಗೆ ಕರೆದು ಕೂರಿಸಿದರು.

"ನಿಮ್ಮ ಸಾಬ್‌ಗೆ ಅಮೇರಿಕಾದಿಂದ ಕಾಗದದ ಮೇಲೆ ಕಾಗದ ಬರ್ತಿವೆ ಬೇಟೀ. ಅಲ್ಲಿ ಕೋಣೆಯಷ್ಟು ದೊಡ್ಡ ಲೆಕ್ಕದ ಯಂತ್ರ ಇದೆಯಂತೆ, ಕರೆಂಟಿಂದು. ಅದ್ರಲ್ಲಿ ಹಾಕಿ ನೋಡಿದ್ರಂತೆ. ಸಾಬ್ ಕಂಡುಹಿಡಿದ ರೀತಿ ಪೂರಾ ಸರಿ! ಈಗ ಎಷ್ಟೋ ದೇಶದಲ್ಲಿ ಅದೇ ರೀತೀಲಿ ಕೆಲ್ಸ ಮಾಡ್ತಾರಂತೆ. ಸಾಬ್ ಹೆಸ್ರಲ್ಲೇ ಅದನ್ನ ಕರೀತಾರಂತೆ!"

"ನಿಜಾನಾ ಸಾಹೇಬ್ರೇ?" ಅವಳ ಕಣ್ಣು ತುಂಬಿತು.

"ಸುಳ್ಳು ಯಾಕೆ ಹೇಳ್ಲಿ? ಅಚ್ಚಾಗಿದ್ದ ಕೊನೇ ಅಂಕಿ ಒಂದೇ ತಪ್ಪಂತೆ. ಅದು ಹೇಗಾಯ್ತು ಬರೀರಿ, ಇಲ್ಲಿಗೇ ಬನ್ನಿ ಅಂತ ಕರೀತಿದಾರೆ. ಇವ್ರು ಜವಾಬೇ ಬರ್ಯಲ್ಲ. ಯಶವಂತಪುರದಲ್ಲಿ ಫೇಲಾದ ಹುಡುಗ್ರಿಗೆ ಪಾಠ ಹೇಳ್ತಾ ಕೂತಿದಾರೆ."

ಸೊಣ್ಣಮ್ಮನಿಗೆ ಮುಂದಿನ ಮಾತು ಕೇಳಿಸಲಿಲ್ಲ. ರೀತಿ ಸರಿ. ಅಂಕಿ ಒಂದೇ ತಪ್ಪು. ಹಾಗಾದರೆ ಅವರ ಬುದ್ಧಿಯಲ್ಲಿ ಕಿಂಚಿತ್ತೂ ದೋಷವಿರಲಿಲ್ಲ. ಕೆಡಿಸಿದವಳು ತಾನೇ, ತಾನೊಬ್ಬಳೇ! ಇದುವರೆಗೆ 'ಬಹುಶಃ' ಎಂದುಕೊಂಡು ಹೇಗೋ ಉಸಿರಾಡುತ್ತಿದ್ದಳು. ಈಗ ಅದೂ ಹೋಯಿತು.

ಮನೆಗೆ ಬಂದು ಗಂಡನಿಗೆ ಹೇಳಿದಳು. "ಮೊದ್ಲು ಕೆಲ್ಸ ಮಾಡ್ತಿದ್ದೆನಲ್ಲ, ಆ ಸಾಹೇಬ್ರನ್ನ ನೋಡ್ಬೇಕು. ನನ್ನಿಂದ ಒಂದು ತಪ್ಪಾಗೈತೆ, ಒಪ್ಕೊಂಡು ಬರ್ಬೇಕು."

ಅವನು ಬಸ್ಸಿನ ಕಾಸು ತೆಗೆದು ಅವಳ ಕೈಗಿಟ್ಟ.

"ಓಗ್ಬುಟ್ ಬಾ. ಆರ್ ಗಂಟೆ ಬಸ್ಸಿಗೆ ವಾಪಸ್ ಬಂದ್ಬುಡು, ಗೌರಿ ಕಾಯ್ತದೆ" ಎಂದ.

ಯಶವಂತಪುರದ ರೈಲ್ವೆ ಸ್ಟೇಷನ್ ಹಿಂದಿನ ಗಲ್ಲಿ. ಒಂದೇ ಕೋಣೆ. ಮಧ್ಯಾಹ್ನದ ಬಿಸಿಲಿಗೆ ಬಾಗಿಲು ತೆರೆದಿತ್ತು. ಚನ್ನಕೇಶವ ಕಪ್ಪು ಹಲಗೆ ಒರೆಸುತ್ತಿದ್ದ. ನಲವತ್ತಕ್ಕೇ ತಲೆ ಪೂರ್ತಿ ನರೆತಿತ್ತು. ಶರಟಿನ ಕಾಲರು ಹರಿದಿತ್ತು.

"ಸಾರ್..."

ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ಅವನು ತಿರುಗಲೇ ಇಲ್ಲ.

"ಸೊಣ್ಣಮ್ಮನವರೇ?"

ಬೆನ್ನು ಮಾಡಿಕೊಂಡೇ ಗುರುತು ಹಿಡಿದನಲ್ಲ! ಅವಳು ಹೊಸ್ತಿಲು ದಾಟಿ ಒಳಗೆ ಬಂದಳು.

"ಗಯಾಸ್ ಸಾಹೇಬ್ರು ಎಲ್ಲಾ ಹೇಳಿದ್ರು. ಅಮೇರಿಕಾದವ್ರಿಗೆ ಬರೀರಿ ಸಾರ್. ಲೆಕ್ಕ ಹಾಕಿದ್ದು ಸೊಣ್ಣಮ್ಮ ಅನ್ನೋಳು, ತಪ್ಪು ಮಾಡಿದ್ದು ಅವಳೇ ಅಂತ ಬರೀರಿ. ನಾನು ರುಜು ಹಾಕ್ತೀನಿ. ಇನ್ನು ಯಾರ ಕೆಲಸ ಹೋಗ್ಬೇಕು, ಯಾರ ಮರ್ಯಾದೆ ಹೋಗ್ಬೇಕು?"

ಅವನು ತಿರುಗಿದ. ಕಣ್ಣಿನಲ್ಲಿ ನೀರಿತ್ತು.

"ನೀವು ತಪ್ಪು ಮಾಡ್ಲೇ ಇಲ್ಲ."

"ಸುಮ್ನೆ ಸಮಾಧಾನ ಹೇಳ್ಬೇಡಿ ಸಾರ್!"

ಅವನು ಪೆಟ್ಟಿಗೆ ತೆರೆದು, ಒಂದು ಪುಸ್ತಕದ ಮಧ್ಯದಿಂದ ಹಳದಿಯಾದ ಚೀಟಿಯೊಂದನ್ನು ತೆಗೆದು ಅವಳ ಮುಂದೆ ಇಟ್ಟ. ಅವಳದೇ ಕೈಬರಹ. ಸೊನ್ನೆ, ಚುಕ್ಕಿ, ಎರಡು... ಆಮೇಲೆ?

ಅವಳು ಚೀಟಿಯನ್ನು ಬೆಳಕಿಗೆ ಹಿಡಿದಳು.

ಉಳಿದ ಅಂಕಿಗಳೆಲ್ಲ ಇಂಗ್ಲಿಷಿನವು. ನಡುವಿನದೊಂದು ಮಾತ್ರ ಕನ್ನಡದ ನಾಲ್ಕು. ೪. ಹಬೀಬುಲ್ಲಾ ಬಂದು ಕೂಗಿದ ಗಳಿಗೆಯಲ್ಲಿ, ಆ ಗಾಬರಿಯಲ್ಲಿ, ಹೆಬ್ಬಾಳದ ಶಾಲೆಯಲ್ಲಿ ಮರಳಿನ ಮೇಲೆ ತಿದ್ದಿದ ಅಂಕಿಯನ್ನೇ ಕೈ ಬರೆದುಬಿಟ್ಟಿತ್ತು.

"ನಾನು ಅದನ್ನ ಎಂಟು ಅಂತ ಓದ್ದೆ. ಇಂಗ್ಲಿಷಿನ ಎಂಟು. ಮೇಲೆ ಸ್ವಲ್ಪ ಬಾಯಿ ಬಿಟ್ಟಿದೆ, ಅವಸರದಲ್ಲಿ ಬರೆದಿದಾರೆ ಅಂದ್ಕೊಂಡೆ. ಎರಡು ನಾಕು ಒಂದು ಹೋಗಿ ಎರಡು ಎಂಟು ಒಂದು ಆಯ್ತು. ಅಮೇರಿಕಾದ ಯಂತ್ರ ಹೇಳಿರೋದು ನೀವು ಹೇಳಿದ್ದನ್ನೇ ಸೊಣ್ಣಮ್ಮನವರೇ."

ಅವಳು ಅಲ್ಲೇ ಬೆಂಚಿನ ಮೇಲೆ ಕುಸಿದಳು. ತಪ್ಪು ತನ್ನದಲ್ಲ! ಎಂಟು ವರ್ಷ ಎದೆಯ ಮೇಲಿದ್ದ ಭಾರ ಇಳಿಯಿತು. ಇಳಿದ ಜಾಗಕ್ಕೆ ಸಂತೋಷ ಬರಲಿಲ್ಲ, ಸಿಟ್ಟು ಬಂತು.

"ಯಾವಾಗ ಗೊತ್ತಾಯ್ತು ನಿಮ್ಗೆ?"

"ಐವತ್ತೊಂಬತ್ತರ ನವೆಂಬರಲ್ಲೇ. ವಿಚಾರಣೆಗೆ ಅಂತ ಕಾಗದ ಎಲ್ಲಾ ಅವ್ರ ಹತ್ರ ಇತ್ತು, ಕೆಲಸ ಬಿಟ್ಟ ಮೇಲೆ ವಾಪಸ್ ತಂದು ಒಬ್ಬನೇ ಕೂತು ಮತ್ತೆ ಲೆಕ್ಕ ಹಾಕ್ದೆ. ನಾಕು ಬಂತು. ನೀವು ಎಂಟು ಬರ್ದು ತಪ್ಪು ಮಾಡಿದೀರಿ ಅಂದ್ಕೊಂಡೆ. ಹಾಗೆ ಅಂದ್ಕೊಂಡೇ, ನೀವು ಅಕ್ಕನ ಕೂಸು ನೋಡ್ಕೊಳ್ಳಕ್ಕೆ ಬಾಗಲೂರಲ್ಲಿದೀರಿ ಅಂತ ಯಾರೋ ಹೇಳಿದ್ರಿಂದ, ನಿಮ್ಮನ್ನ ಕೇಳಕ್ಕೆ ಅಲ್ಲಿಗೆ ಸೈಕಲ್ಲಲ್ಲಿ ಹೊರಟೆ."

"ಏನ್ ಕೇಳಕ್ಕೆ?"

"ಲೆಕ್ಕ ಮುಗಿದ ಮೇಲೆ ಒಂದು ವಿಷಯ ಕೇಳ್ತೀನಿ ಅಂದಿದ್ನಲ್ಲ... ಅದನ್ನ. ನನ್ನ ಮದುವೆ ಆಗ್ತೀರಾ ಅಂತ."

ಸೊಣ್ಣಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಬಳ್ಳಾರಿ ರಸ್ತೇಲಿ, ಜಕ್ಕೂರಿನ ಹತ್ರ ಒಂದು ಮೈಲಿಗಲ್ಲಿದೆ. ನೀರು ಕುಡಿಯಕ್ಕೆ ಅಲ್ಲಿ ಇಳಿದೆ. ಕಲ್ಲಿನ ಒಂದು ಮಗ್ಗುಲಲ್ಲಿ ಇಂಗ್ಲಿಷಿನ ನಾಕು, ಇನ್ನೊಂದು ಮಗ್ಗುಲಲ್ಲಿ ಕನ್ನಡದ್ದು. ಅದನ್ನೇ ನೋಡ್ತಾ ನಿಂತೆ. ನನ್ನ ಮನೆ ಮಾತಿನ ನಾಕು ನಂಗೇ ಓದಕ್ಕೆ ಬರ್ಲಿಲ್ಲ... ಹುಚ್ಚು ಹಿಡಿದವನ ಹಾಗೆ ಸೈಕಲ್ ತುಳ್ಕೊಂಡು ನಿಮ್ಮ ಊರಿಗೆ ಬಂದೆ. ಮನೆ ತೋರಿಸಿದ್ರು. ಬಾಗಿಲ ಮೇಲಿನ ಮಾವಿನೆಲೆ ಇನ್ನೂ ಬಾಡಿರ್ಲಿಲ್ಲ. ಮದುವೆಯಾಗಿ ಮೂರು ದಿನ ಆಯ್ತು ಅಂದ್ರು."

"ಆಗ್ಲೇ ಬರ್ದು ತಿದ್ದಬಹುದಿತ್ತಲ್ಲ ಸಾರ್? ನಿಮ್ಮ ಹೆಸರು ಉಳೀತಿತ್ತಲ್ಲ!"

"ಉಳೀತಿತ್ತು. ನೀವು ವಾಪಸ್ ಬರ್ತಿದ್ರಾ? ನಾನು ತಪ್ಪು ಓದಿದ್ದಕ್ಕೆ ನಿಮ್ಮ ಕೆಲಸ ಹೋಯ್ತು, ಕೆಲಸ ಹೋಗಿದ್ದಕ್ಕೆ ನಿಮ್ಮ ಮದುವೆ ಆಯ್ತು. ನಂದೊಬ್ಬಂದು ಮಾತ್ರ ತಿದ್ಕೊಂಡು ಕೂರಕ್ಕೆ ಮನಸ್ಸು ಬರ್ಲಿಲ್ಲ."

"ಎಂಥಾ ಜನ ಸಾರ್ ನೀವು!" ಅವಳು ಎದ್ದು ನಿಂತಳು. "ಆವತ್ತು ಕೋಣೇಲಿ ಕೇಳ್ದೆ, ತಪ್ಪು ನಂದಾ ಅಂತ. ಬಾಯಿ ಬಿಡ್ಲಿಲ್ಲ. ಮನೆ ಬಾಗಿಲ ತನಕ ಬಂದ್ರಿ, ಆಗ್ಲೂ ಬಾಯಿ ಬಿಡ್ಲಿಲ್ಲ. ನನ್ನ ಉಳಿಸ್ತೀನಿ ಅಂತ ಸುಮ್ನಿದ್ರಿ. ನಾನು ಎಂಟು ವರ್ಷ ನಿಮ್ಮನ್ನ ಕೊಂದೋಳು ಅಂತ ಅಂದ್ಕೊಂಡು ಅನ್ನ ತಿಂದಿದೀನಿ! ಒಂದು ಮಾತು ಸಾಕಾಗಿತ್ತು. ಒಂದೇ ಒಂದು ಮಾತು!"

ಅವನು ಕೈಮುಗಿದ. "ತಪ್ಪಾಯ್ತು."

ಹೊರಗೆ ಗೂಡ್ಸ್ ಗಾಡಿಯೊಂದು ಉದ್ದಕ್ಕೂ ಸದ್ದು ಮಾಡುತ್ತಾ ಹೋಯಿತು.

"ಅಮೇರಿಕಾಗೆ ಹೋಗಿ ಸಾರ್. ಈಗ್ಲಾದ್ರೂ ಹೋಗಿ."

"ಹೋಗಿ ಏನು ಮಾಡ್ಲಿ? ಎಂಟು ವರ್ಷದಿಂದ ಒಂದು ಸಮೀಕರಣ ಬರೆದಿಲ್ಲ. ಅವರು ನನ್ನ ರೀತಿ ಹಿಡ್ಕೊಂಡು ಎಲ್ಲೋ ಹೋಗ್ಬಿಟ್ಟಿದಾರೆ. ಕಳಿಸಿರೋ ಪ್ರಬಂಧ ಓದಿದ್ರೆ ಅರ್ಧ ಅರ್ಥ ಆಗಲ್ಲ. ನನ್ನ ಹೆಸರೇ ಇದೆ ಅದ್ರಲ್ಲಿ, ಆದ್ರೂ ಅರ್ಥ ಆಗಲ್ಲ." ಅವನು ನಕ್ಕ. ಆ ನಗುವನ್ನು ಅವಳಿಂದ ನೋಡಲಾಗಲಿಲ್ಲ.

"ಕಾಗದನಾದ್ರೂ ಬರೀರಿ. ಈಗ್ಲೇ, ನನ್ನ ಮುಂದೆ ಬರೀರಿ."

ಅವನು ಕೂತು ಬರೆದ. ಹತ್ತೇ ಸಾಲು. ಕೊನೆಗೆ ಬಂದು ತಲೆ ಎತ್ತಿದ.

"ಲೆಕ್ಕ ಇಬ್ಬರದ್ದು. ತಿದ್ದುಪಡಿ ಅಚ್ಚಾದ್ರೆ ಇಬ್ಬರ ಹೆಸರೂ ಒಟ್ಟಿಗೆ ಬರ್ಬೇಕು."

ಇಬ್ಬರ ಹೆಸರೂ ಒಟ್ಟಿಗೆ... ಅವಳ ಹೆಸರು ಅಚ್ಚಾದದ್ದು ಬದುಕಿನಲ್ಲಿ ಒಂದೇ ಸಲ, ಮದುವೆಯ ಕರೆಯೋಲೆಯಲ್ಲಿ. ಅಲ್ಲಿ ಪಕ್ಕದಲ್ಲಿದ್ದದ್ದು ಬೇರೆ ಹೆಸರು. ಅವಳು ಬೇಡವೆನ್ನಲಿಲ್ಲ. ಅವನು ಹೇಳಿದ ಕಡೆ ಇಂಗ್ಲಿಷಿನಲ್ಲಿ ರುಜು ಹಾಕಿದಳು.

ಬಸ್ ನಿಲ್ದಾಣದ ತನಕ ಅವನು ಜೊತೆಯಲ್ಲಿ ಬಂದ. ನಡುವೆ ಒಂದು ಆಳಿನಷ್ಟು ದೂರ ಬಿಟ್ಟುಕೊಂಡು ನಡೆದರು.

"ನಾನು ಆವತ್ತು ಮೂರು ದಿನ ಮುಂಚೆ ಬಂದಿದ್ರೆ..." ಎಂದ ಅವನು.

"ಹೂಂ ಅಂತಿದ್ದೆ ಸಾರ್. ಕೇಳಿ ಮುಗಿಸಕ್ಕೂ ಬಿಡ್ತಿರ್ಲಿಲ್ಲ."

ಅವನು ಮುಖ ಆ ಕಡೆ ತಿರುಗಿಸಿದ. ಯಲಹಂಕದ ಬಸ್ಸು ಬಂದು ನಿಂತಿತು. ಜನ ನೂಕಾಡಿದರು.

"ಸೊಣ್ಣಮ್ಮನವರೇ, ಅಚ್ಚಾದ ಮೇಲೆ ಬಾಗಲೂರಿಗೆ ಒಂದು ಪ್ರತಿ ಕಳಿಸ್ಲಾ?"

"ಬೇಡ ಸಾರ್."

"ಯಾಕೆ?"

"ಮನೇಲಿದ್ರೆ ದಿನಾ ತೆಗೆದು ನೋಡ್ತೀನಿ. ಆಮೇಲೆ ಸಂಸಾರ ಮಾಡಕ್ಕಾಗಲ್ಲ."

"ಹಾಗಾದ್ರೆ ನಾನೂ ನೋಡಲ್ಲ."

"ಇಲ್ಲ, ನೀವು ನೋಡ್ಬೇಕು," ಎಂದು ಅವಳು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಳು. "ನನ್ನ ಪಾಲಿಂದೂ ನೀವೇ ನೋಡಿ."